ಎಂಬತ್ತು ನಿಮಿಷದ ಕಡಲು

2008, ಜನವರಿ 20, ಭಾನುವಾರ

ತಂದಿದ್ದ ಕರಪತ್ರವೆಲ್ಲ ರೈಲು ನಿಲ್ದಾಣದ ಎದುರಿನಲ್ಲೇ ಖರ್ಚಾಯಿತು. ಅದರಲ್ಲಿ ಅರ್ಧ ಕಸದ ಬುಟ್ಟಿಗೆ ಬಿದ್ದದ್ದನ್ನು ನಾನೇ ಕಂಡೆ. ಬೀಳಲಿ. ಎಸೆಯುವ ಮೊದಲು ತಲೆಬರಹದ ಮೇಲೆ ಕಣ್ಣು ಹಾಯಿಸಿರುತ್ತಾರೆ. ‘ಎಂಬತ್ತು ನಿಮಿಷ!’ ಆ ತಲೆಬರಹ ನನ್ನದು. ಮಾರ್ಚಿನ ಚುನಾವಣೆ ಮುಗಿಯುತ್ತಲೇ ತೈಪೆಯಿಂದ ಶಾಂಘೈಗೆ ನೇರ ವಿಮಾನ ಬಿಡುತ್ತೇವೆಂದು ಹೇಳಿಕೊಂಡು ತಿರುಗುತ್ತಿದ್ದಾರಲ್ಲ, ಅವರಿಗೆ ಕೊಟ್ಟ ಉತ್ತರ. ಭೂಪಟದ ಮೇಲೆ ದಾರವಿಟ್ಟು ಅಳೆದಿದ್ದೇನೆ: ಎರಡು ನಗರಗಳ ನಡುವೆ ಏಳುನೂರು ಕಿಲೋಮೀಟರೂ ಇಲ್ಲ. ಇಂದು ಅಲ್ಲಿಗೆ ಹೋಗಬೇಕಾದವರು ಮೊದಲು ತೆಂಕಣಕ್ಕೆ ಹಾಂಗ್‌ಕಾಂಗಿಗೆ ಹಾರಿ, ಅಲ್ಲಿ ಇಳಿದು, ಕಾದು, ಬೇರೆ ವಿಮಾನ ಹಿಡಿದು ಮತ್ತೆ ಬಡಗಣಕ್ಕೆ ಹೋಗಬೇಕು. ಇಡೀ ದಿನ ಬೇಕು. ಬೇಕಾಗಲಿ! ಈ ದ್ವೀಪವೂ ತಮ್ಮದೇ ಎನ್ನುವ ಆ ಕಡೆಯವರ ಎದುರು ಆ ಒಂದು ದಿನವೇ ನಮ್ಮ ಕೋಟೆ. ಅದನ್ನು ಎಂಬತ್ತು ನಿಮಿಷಕ್ಕೆ ಇಳಿಸುವವನು ಕೋಟೆಯ ಬಾಗಿಲು ತೆಗೆಯುವವನು.

ಯೆನ್ ಓದಿ, “ಚೆನ್ನಾಗಿದೆ, ಆದ್ರೆ ಆಶ್ಚರ್ಯಸೂಚಕ ಚಿಹ್ನೆ ಕಮ್ಮಿ ಮಾಡು” ಅಂದ. ಅವನು ಕಾನೂನು ಓದಿದವನು, ನಮ್ಮ ಬಳಗ ಕಟ್ಟಿದವನು. ನಾನು ಜೆರಾಕ್ಸ್ ಅಂಗಡಿಯವಳು. ಕಲಿತದ್ದೆಲ್ಲ ಗಿರಾಕಿಗಳು ಪ್ರತಿ ಮಾಡಿಸಲು ತಂದ ಹಾಳೆಗಳನ್ನು ಕದ್ದು ಓದಿ. ಚಿಹ್ನೆ ಮಾತ್ರ ಕಡಿಮೆ ಮಾಡುವುದಿಲ್ಲ.

ಸಂಜೆ ಶಾಂಘೈಯವರ ಫೋನು. ನನ್ನ ತಂದೆಗೆ ನಾನಿಟ್ಟ ಹೆಸರು ಅದು. ಸೈಕಲ್ ಸೀಟಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಯಂತ್ರದ ಪಕ್ಕ ನಿಂತು ಅವರ ಕಿವಿ ಮಂದವಾಗಿದೆ. ಹಾಗಾಗಿ ಅವರೇ ಕಿರುಚುತ್ತಾರೆ.

“ಏನೇ ಪೇ-ಜುಂಗ್, ದೇಶ ಉಳೀತಾ?”

“ಉಳಿಸ್ತಿದೀವಿ.”

“ಹಬ್ಬಕ್ಕೆ ವಿಶೇಷ ವಿಮಾನ ಬಿಟ್ಟಿದಾರೆ. ಮಧ್ಯೆ ಎಲ್ಲೂ ಇಳಿಯೋ ಹಾಗಿಲ್ವಂತೆ. ಟಿಕೆಟ್ ಕೊಡಿಸ್ತೀನಿ ಅಂತಾನೆ ನಮ್ ದಿಂಗ್.”

“ಅದ್ರಲ್ಲಿ ಬರೋದಾದ್ರೆ ನೀವು ಬರೋದೇ ಬೇಡ.”

“ಏನು?”

“ಬರೋದೇ ಬೇಡ ಅಂದೆ!”

ಅಜ್ಜಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

ಫೆಬ್ರವರಿ 6, ಹೊಸವರ್ಷದ ಹಬ್ಬದ ಹಿಂದಿನ ದಿನ

ವರ್ಷದ ಕೊನೆಯ ಊಟಕ್ಕೆ ಮನೆಮಂದಿಯೆಲ್ಲ ಮೇಜಿನ ಸುತ್ತ ಇರಬೇಕು. ಇದ್ದದ್ದು ಮೂವರು: ಅಜ್ಜಿ, ಚಿಕ್ಕಪ್ಪ, ನಾನು. ಬಡಿಸಿದ ನಾಲ್ಕನೆಯ ಬಟ್ಟಲು ಹಾಗೇ ಇತ್ತು. ಅಜ್ಜಿ ಮೀನನ್ನು ಎರಡು ಸಲ ಬಿಸಿ ಮಾಡಿದಳು. ಶಾಂಘೈಯವರು ಬಂದದ್ದು ತಟ್ಟೆ ತೊಳೆಯುವ ಹೊತ್ತಿಗೆ. ಹಾಂಗ್‌ಕಾಂಗ್ ಸುತ್ತಿಯೇ ಬಂದಿದ್ದರು.

“ವಿಶೇಷ ವಿಮಾನಕ್ಕೆ ಏನಾಗಿತ್ತೋ ಧಾಡಿ?” ಅಂದಳು ಅಜ್ಜಿ.

“ನಿನ್ನ ಮೊಮ್ಮಗಳು ಬಾಗಿಲು ತೆಗೀತಿರ್ಲಿಲ್ಲ ಕಣಮ್ಮ” ಎಂದು ನಕ್ಕು ಬೂಟು ಬಿಚ್ಚಿದರು. ಪಾದ ಊದಿಕೊಂಡಿತ್ತು.

ತತ್ವವನ್ನು ಒಪ್ಪಿ ಬಂದಿದ್ದರೆ ಗೌರವಿಸುತ್ತಿದ್ದೆ. ಇದು ತತ್ವವಲ್ಲ, ಮಗಳ ಬಾಯಿಗೆ ಹೆದರಿದ್ದು. ವ್ಯತ್ಯಾಸವಿದೆ.

ಫೆಬ್ರವರಿ 9, ಶನಿವಾರ

ಶಾಂಘೈಯವರೊಡನೆ ಜಗಳ. ಬರೆದಿಡಬೇಕು, ಏಕೆಂದರೆ ಅವರ ವಾದವೇ ನಾಳೆ ಎದುರಾಳಿಗಳ ವಾದವಾಗಿ ಬರುತ್ತದೆ.

ಅವರು: “ಎಂಬತ್ತು ನಿಮಿಷ ಕಣೇ! ಮಧ್ಯಾಹ್ನ ದಿಂಗ್ ಜೊತೆ ಊಟ, ಸಂಜೆ ನಿಮ್ಮಜ್ಜಿ ಕೈ ಗಂಜಿ. ಹಾಂಗ್‌ಕಾಂಗ್‌ನಲ್ಲಿ ಕೂತು ಕೂತು ಆ ಹಜಾರದ ಕಸ ಗುಡಿಸೋರೆಲ್ಲ ನಂಗೆ ಪರಿಚಯ ಆಗಿದಾರೆ.”

ನಾನು: “ಪ್ರಯಾಣಿಕರ ವಿಮಾನಕ್ಕೆ ಎಂಬತ್ತು ನಿಮಿಷ ಅಂದ್ರೆ ಯುದ್ಧವಿಮಾನಕ್ಕೆ ಎಷ್ಟು, ಯೋಚಿಸಿದೀರಾ?”

ಅವರು: “ಯುದ್ಧವಿಮಾನ ಟಿಕೆಟ್ ತಗೊಂಡು ಬರುತ್ತಾ? ಅದೇನು ಹಾಂಗ್‌ಕಾಂಗ್‌ನಲ್ಲಿ ಇಳಿದು, ಚಹಾ ಕುಡಿದು ಬರುತ್ತಾ?”

ಚಿಕ್ಕಪ್ಪ ಬಾಯಲ್ಲಿದ್ದ ಚಹಾ ಉಗುಳಿ ನಕ್ಕ. ನಗುವ ಮಾತೇ? ಇದಕ್ಕೆ ನನ್ನ ಉತ್ತರ: ಆಕಾಶದಲ್ಲಿ ಒಂದು ದಾರಿಯನ್ನು ಒಪ್ಪಿಕೊಂಡರೆ ಅದರ ಎತ್ತರ, ಸಂಕೇತ, ವೇಳೆ ಎಲ್ಲವನ್ನೂ ಎದುರಿನವರ ಕೈಗೆ ಕೊಟ್ಟಂತೆ. ಈ ಉತ್ತರ ಹೊಳೆದದ್ದು ಅವರು ವಿಮಾನ ನಿಲ್ದಾಣಕ್ಕೆ ಹೊರಟುಹೋದ ಮೇಲೆ. ಹೋಗುವಾಗ ಬಾಗಿಲಲ್ಲಿ ನಿಂತು, “ಒಂದ್ಸಲ ಬಂದು ನೋಡೇ, ನಾನಿರೋ ಕೋಣೇನ” ಅಂದರು. ಆ ಕಡೆಯವರು ಒಳಬರಲು ನಮಗೆ ಕೊಡುವ ಪಾಸಿನ ಹೆಸರೇ ‘ಒಡಹುಟ್ಟಿದವರ ಪಾಸು’. ಒಡಹುಟ್ಟಿದವರೆಂದು ಕರೆದು ಕ್ಷಿಪಣಿ ಗುರಿಯಿಟ್ಟಿದ್ದಾರೆ. ಅಂಥ ಪಾಸಿಗೆ ನಾನು ಸಹಿ ಹಾಕುವವಳಲ್ಲ ಎಂದೆ.

“ಸರಿ ಬಿಡು” ಅಂದರು.

ಫೆಬ್ರವರಿ 25, ಸೋಮವಾರ

ಶಾಂಘೈಯಿಂದ ದಿಂಗ್ ಎಂಬವರ ಫೋನು. ಶಾಂಘೈಯವರು ಬೆಳಗಿನ ಪಾಳಿಯಲ್ಲಿ ಕುಸಿದು ಬಿದ್ದರಂತೆ. ಮಿದುಳಿನಲ್ಲಿ ರಕ್ತ. ಆಸ್ಪತ್ರೆಗೆ ಹಾಕಿದ್ದಾರೆ. “ಯಾರಾದ್ರೂ ಬನ್ನಿ, ಬೇಗ ಬನ್ನಿ” ಅಂದರು.

ಅಜ್ಜಿಗೆ ಮೆಟ್ಟಿಲು ಇಳಿಯಲಾಗದು. ಟ್ಯಾಕ್ಸಿ ಓಡಿಸುವ ಚಿಕ್ಕಪ್ಪ ಈ ದ್ವೀಪ ಬಿಟ್ಟು ಹೋದವನಲ್ಲ, ಪಾಸ್‌ಪೋರ್ಟೇ ಇಲ್ಲ. ಇರುವುದು ನನಗೆ, ಹೋದ ವರ್ಷ ಓಕಿನಾವಾದ ಸಭೆಗೆಂದು ಮಾಡಿಸಿದ್ದು. ಪಾಸು ಹಾಂಗ್‌ಕಾಂಗ್ ನಿಲ್ದಾಣದ ಕೌಂಟರಿನಲ್ಲೇ ಕೊಡುತ್ತಾರಂತೆ.

ನಾಳೆ ಮೊದಲ ವಿಮಾನ.

ಫೆಬ್ರವರಿ 26. ಹಾಂಗ್‌ಕಾಂಗ್

ಪಾಸಿಗೆ ಸಹಿ ಹಾಕಿದೆ. ಎರಡನೆಯ ವಿಮಾನಕ್ಕೆ ಕಾಯುತ್ತ ಕೂತಿದ್ದಾಗ ದಿಂಗ್ ಫೋನು ಮಾಡಿದರು. ಈಗಷ್ಟೇ ಹೋಗ್ಬಿಟ್ಟ, ಅಂದರು.

ಲೆಕ್ಕ ಹಾಕಬಾರದು.

ಹಾಕಿದೆ. ನೇರ ಹಾರಿದ್ದರೆ ಆ ಹೊತ್ತಿಗೆ ನಾನು ಆಸ್ಪತ್ರೆಯ ಒಳಗಿರುತ್ತಿದ್ದೆ. ಲೆಕ್ಕ ಸರಿಯಿದೆ. ಆದರೆ ಒಬ್ಬರ ನೋವನ್ನು ತಕ್ಕಡಿಗಿಟ್ಟು ಒಂದು ದೇಶದ ದಾರಿ ನಿರ್ಧರಿಸಲಾಗದು. ಇದನ್ನು ನಾನೇ ಬರೆದಿದ್ದೇನೆ, ಎರಡನೆಯ ಕರಪತ್ರದಲ್ಲಿ.

ಫೆಬ್ರವರಿ 28, ಶಾಂಘೈ

ಊರಿನಲ್ಲಿ ಇಂದು ಹುತಾತ್ಮರ ದಿನ. ಬಳಗದವರೆಲ್ಲ ಉದ್ಯಾನದಲ್ಲಿ ಬಿಳಿ ಹೂ ಹಿಡಿದು ನಿಂತಿರುತ್ತಾರೆ. ನಾನು ಮೊದಲ ಸಲ ತಪ್ಪಿಸಿದೆ. ಎದುರಾಳಿಯ ಊರಿನ ಚಿತಾಗಾರದಲ್ಲಿ ಚೀಟಿ ಹಿಡಿದು ಸರತಿಯಲ್ಲಿ ನಿಂತಿದ್ದೆ.

ದಿಂಗ್ ಜೊತೆಯಲ್ಲೇ ಇದ್ದರು. ಅರವತ್ತರ ಹತ್ತಿರದ, ಹಲ್ಲು ಹಳದಿಗಟ್ಟಿದ ಮನುಷ್ಯ, ಇದೇ ಊರಿನವರು. ಒಂದೇ ಸಮ ಮಾತಾಡುತ್ತಿದ್ದರು.

“ನಿಮ್ಮಪ್ಪ ಚದುರಂಗದಲ್ಲಿ ಮೋಸ ಮಾಡ್ತಿದ್ದ, ಗೊತ್ತಾ? ನಾನು ಸಿಗರೇಟ್ ಹಚ್ಚೋಕೆ ತಲೆ ಬಗ್ಗಿಸಿದ್ರೆ ಸಾಕು, ಕುದುರೆ ಒಂದು ಮನೆ ಸರಿದಿರೋದು.”

“ನಮ್ಮನೇಲೂ ಹಾಗೇ ಮಾಡ್ತಿದ್ರು.”

“ಕೇಳಿದ್ರೆ, ‘ಕಿವಿ ಕೇಳ್ಸಲ್ಲ ಕಣಯ್ಯ’ ಅನ್ನೋನು. ಕುದುರೆಗೂ ಕಿವಿಗೂ ಏನು ಸಂಬಂಧ, ಹೇಳಮ್ಮ!”

ಅವರೇ ನಕ್ಕು, ಅವರೇ ತೋಳಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಕೋಣೆ ತೋರಿಸಿದರು. ಒಂದು ಮಂಚ, ಒಂದು ಕುರ್ಚಿ, ಕಿಟಕಿಯಲ್ಲಿ ಒಣಗಲು ಹಾಕಿದ ಎರಡು ಜೊತೆ ಕಾಲುಚೀಲ. ಅಷ್ಟೇ. ಬಂದು ನೋಡು ಅಂದಿದ್ದು ಇದನ್ನು. ಕಾಲುಚೀಲ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅಜ್ಜಿ ಫೋನಿನಲ್ಲಿ ಪಾಠ ಹೇಳಿದಳು. ಸತ್ತವರನ್ನು ಮನೆಗೆ ತರುವಾಗ ದಾರಿಯುದ್ದಕ್ಕೂ ಕರೆಯುತ್ತಿರಬೇಕು.

“ಗಾಡಿ ಹತ್ತೋವಾಗ ಹೇಳು, ಇಳಿಯೋವಾಗ ಹೇಳು. ಮೆಟ್ಟಿಲು ಬಂದ್ರೆ ಹೇಳು. ವಿಮಾನ ಬದಲಾಯಿಸ್ತೀಯಲ್ಲ, ಅಲ್ಲಂತೂ ಗಟ್ಟಿಯಾಗಿ ಹೇಳು. ಸತ್ತೋರು ಹಸುಗೂಸಿದ್ದ ಹಾಗೆ ಕಣೇ. ಕೈ ಬಿಟ್ರೆ ಅಲ್ಲೇ ನಿಂತ್ಬಿಡ್ತಾರೆ.”

“ಅವರು ವರ್ಷಾನುಗಟ್ಟಲೆ ಇದೇ ದಾರೀಲಿ ಓಡಾಡಿದವರಲ್ವಾ ಅಜ್ಜಿ?”

“ಬದುಕಿದ್ದಾಗಿನ ದಾರಿ ಬೇರೆ. ನೀನು ಓದಿದ್ದೆಲ್ಲ ಪಕ್ಕಕ್ಕಿಟ್ಟು ಹೇಳಿದಷ್ಟು ಮಾಡು.”

ಮೂಢನಂಬಿಕೆ ದಾಸ್ಯದ ಅಕ್ಕ ಎಂದು ಬರೆದವಳು ನಾನು. ಆದರೂ ಒಪ್ಪಿಕೊಂಡೆ. ಮುದುಕಿಯೊಡನೆ ವಾದಿಸಿ ಏನು ಲಾಭ.

ಮಾರ್ಚ್ 1, ಶನಿವಾರ. ಮನೆ

ಅಸ್ಥಿಯ ಕುಡಿಕೆಯನ್ನು ಎದೆಗೆ ಕಟ್ಟಿಕೊಂಡು ಬಂದೆ. ಶಾಂಘೈ ನಿಲ್ದಾಣದಲ್ಲಿ ಯಾರಿಗೂ ಕೇಳದ ಹಾಗೆ, “ಅಪ್ಪ, ವಿಮಾನ ಹತ್ತುತ್ತಿದ್ದೇವೆ” ಎಂದೆ. ಹಾಂಗ್‌ಕಾಂಗಿನಲ್ಲಿ ಇಳಿಯುವಾಗಲೂ ಹೇಳಿದೆ.

ಅಲ್ಲಿ ಕಾಯುವಾಗ ಒಂದು ಒಳ್ಳೆಯ ವಾದ ನಡೆಯಿತು. ಪಕ್ಕದಲ್ಲಿ ಕೂತಿದ್ದವನು ನಮ್ಮ ಕಡೆಯವನೇ, ಅಲ್ಲಿ ಪ್ಲಾಸ್ಟಿಕ್ ವ್ಯಾಪಾರವಂತೆ. ಕುಡಿಕೆ ನೋಡಿ ತಲೆ ಬಾಗಿಸಿದ.

“ಯಾರಮ್ಮ?”

“ನಮ್ಮ ತಂದೆ.”

“ಅಯ್ಯೋ ಪಾಪ. ಇನ್ನು ಕೆಲವು ತಿಂಗಳು ತಡೆದಿದ್ರೆ ನೆಟ್ಟಗೆ ಮನೆಗೆ ಹೋಗ್ಬಹುದಿತ್ತು.”

ತಡೆದಿದ್ದರೆ! ಸಾವನ್ನು ಚುನಾವಣಾ ಪ್ರಚಾರಕ್ಕೆ ಬಳಸುವ ಇವರ ಬುದ್ಧಿಯನ್ನು ಅಲ್ಲೇ ಬಿಚ್ಚಿಟ್ಟೆ. ಕೋಟೆಯ ವಾದ ಹೇಳಿದೆ. ಅವನು ವ್ಯಾಪಾರದ ಮಾತೆತ್ತಿದ. ನಾನು ಕ್ಷಿಪಣಿಯ ಮಾತೆತ್ತಿದೆ. ಸುತ್ತ ನಾಲ್ಕಾರು ಜನ ಸೇರಿದರು. ಯುದ್ಧವಿಮಾನ ಚಹಾ ಕುಡಿದು ಬರುತ್ತದೆಯೇ ಎಂಬ ಅದೇ ಮಾತನ್ನು ಅವನೂ ಆಡಿದ! ಈ ಸಲ ನನ್ನ ಬಳಿ ಉತ್ತರವಿತ್ತು. ಎತ್ತರ, ಸಂಕೇತ, ವೇಳೆ. ಒಬ್ಬ ಹುಡುಗಿ ಚಪ್ಪಾಳೆಯನ್ನೂ ತಟ್ಟಿದಳು. ಅಷ್ಟರಲ್ಲಿ ಗೇಟಿನಲ್ಲಿ ಕೊನೆಯ ಕರೆ, ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಕುಡಿಕೆ ತಬ್ಬಿಕೊಂಡು ಓಡಿದೆ.

ಗೆದ್ದೆ. ಆ ವಾದದ ಕ್ರಮವನ್ನು ಯೆನ್‌ಗೆ ಹೇಳಬೇಕು.

ಚಿಕ್ಕಪ್ಪ ಟ್ಯಾಕ್ಸಿ ತಂದಿದ್ದ. ನದಿಯ ಸೇತುವೆ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವನು ಕಿಟಕಿ ಇಳಿಸಿ, “ಅಣ್ಣಾ, ಸೇತುವೆ! ಹಿಂದೇನೇ ಬಾ!” ಎಂದು ಕೂಗಿದ. ಪಕ್ಕದ ಸ್ಕೂಟರಿನವನೂ ತಲೆ ಬಾಗಿಸಿ ದಾರಿ ಬಿಟ್ಟ.

ಹಾಂಗ್‌ಕಾಂಗಿನಲ್ಲಿ ಎರಡನೆಯ ವಿಮಾನ ಹತ್ತುವಾಗ ಹೇಳಿದೆನೋ ಇಲ್ಲವೋ ನೆನಪಿಲ್ಲ. ಅದೇನೂ ದೊಡ್ಡ ವಿಷಯವಲ್ಲ.

ಮಾರ್ಚ್ 2, ಭಾನುವಾರ

ಅಜ್ಜಿ ಅಪ್ಪನ ಪಟದ ಮುಂದೆ ಅನ್ನ, ಪಕ್ಕದಲ್ಲಿ ಮುಖ ತೊಳೆಯಲು ನೀರು, ಟವೆಲು ಇಟ್ಟು, ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಕೈಗೆತ್ತಿಕೊಂಡಳು. ನೆಲಕ್ಕೆ ಬಿಟ್ಟಾಗ ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ಹೌದು. ಎರಡೂ ಕವುಚಿ ಬಿದ್ದರೆ ಅಲ್ಲ. ಎರಡೂ ಅಂಗಾತ ಬಿದ್ದರೆ ನಗು.

“ಮಗಾ, ಬಂದಿದೀಯಾ?”

ಎರಡೂ ಅಂಗಾತ.

“ನಗ್ತಿದಾನೆ, ಇಲ್ಲೇ ಇದಾನೆ” ಅಂದ ಚಿಕ್ಕಪ್ಪ.

“ಅವನಲ್ಲ ನಗ್ತಿರೋದು, ದೇವರು. ನಮ್ಮನ್ನ ನೋಡಿ.”

ಮತ್ತೆ ಬಿಟ್ಟಳು. ಅಲ್ಲ. ಮತ್ತೆ. ಅಲ್ಲ. ಆಮೇಲೆ ಒಂದೊಂದೇ ಜಾಗ ಕೇಳುತ್ತ ಬಂದಳು. ಶಾಂಘೈಯಲ್ಲೇ ಉಳಿದೆಯಾ? ಅಲ್ಲ. ಸೇತುವೆ ಹತ್ತಿರ ನಿಂತೆಯಾ? ಅಲ್ಲ. ಹಾಂಗ್‌ಕಾಂಗಾ? ಹೌದು. ಇನ್ನೊಮ್ಮೆ ಕೇಳಿದಳು. ಹೌದು. ಮೂರನೆಯ ಸಲವೂ ಹೌದು.

ಅಜ್ಜಿ ನನ್ನ ಕಡೆ ತಿರುಗಿದಳು.

“ಅಲ್ಲಿ ಏನ್ ಮಾಡ್ತಿದ್ದೆ?”

“ಮಾತಾಡ್ತಿದ್ದೆ.”

“ಯಾರ ಹತ್ರ?”

“ಯಾರೋ ಒಬ್ಬರ ಹತ್ರ.”

“ಅಪ್ಪನ್ನ ಎದೆಗೆ ಕಟ್ಕೊಂಡು, ಯಾರೋ ಒಬ್ಬರ ಹತ್ರ?”

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ಬೈಯಲಿಲ್ಲ. ಬಡಿಸಿದ್ದ ಅನ್ನವನ್ನು ಪಟದ ಮುಂದಿನಿಂದ ತೆಗೆದು ಮುಚ್ಚಿಟ್ಟಳು. “ಇಲ್ಲದೋನಿಗೆ ಬಡಿಸಿ ಏನು” ಅಂದಳು.

ಎರಡು ಮರದ ತುಂಡು ಬಿದ್ದಾಗ ಹೌದೆನ್ನುವ ಸಂಭವ ಅರ್ಧ, ಅಲ್ಲವೆನ್ನುವುದು ಕಾಲು, ನಗು ಕಾಲು. ಮೂರು ಸಲ ಒಂದೇ ಸಮ ಹೌದು ಬೀಳುವುದು ಅಪರೂಪವೇನಲ್ಲ. ಇದು ಗಣಿತ.

ಮಾರ್ಚ್ 3, ಸೋಮವಾರ

ಏಳನೆಯ ದಿನದ ಕರ್ಮಕ್ಕೆ ಬಂದ ಪುರೋಹಿತರು ತುಂಡುಗಳನ್ನು ಬಿಟ್ಟು ನೋಡಿ, ಗಂಟೆ ಚೀಲಕ್ಕೆ ಹಾಕಿಕೊಂಡು ಹೊರಟರು. “ನೆಂಟರೇ ಬಂದಿಲ್ಲ, ಮದುವೆ ಮಾಡ್ಸಕ್ಕಾಗುತ್ತಾ ಅಜ್ಜಿ?” ಅಂದರು. ಅಸ್ಥಿಗೋಪುರದಲ್ಲಿ ಕಾದಿರಿಸಿದ್ದ ಗೂಡನ್ನೂ ಅಜ್ಜಿ ಬೇಡವೆಂದಳು. ಅವನು ಬರದೆ ಕುಡಿಕೆ ಒಳಗಿಟ್ಟರೆ ಖಾಲಿ ಚೊಂಬು ಇಟ್ಟ ಹಾಗೆ ಅಂತೆ.

ಅವಳು ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದಾಳೆ. ಊಟ ಒಲ್ಲೆ ಎನ್ನುತ್ತಾಳೆ. “ಅವನು ಅಲ್ಲಿ ಹಸಿದು ಕೂತಿರ್ತಾನೆ, ಜನ ಅವನ ಮೇಲೇ ನಡ್ಕೊಂಡು ಹೋಗ್ತಿರ್ತಾರೆ.” ಚಿಕ್ಕಪ್ಪ ಸಮಾಧಾನ ಮಾಡಲು, “ಒಳ್ಳೇ ಜಾಗ ಕಣಮ್ಮ, ಎಸಿ ಇದೆ” ಅಂದ. ಅವಳು ಚಪ್ಪಲಿ ಎಸೆದಳು.

ಯೆನ್ ಸಂತಾಪ ಹೇಳಲು ಬಂದಿದ್ದ. ಹೊರಗೆ ಕಾಲುದಾರಿಯಲ್ಲಿ ನಿಂತು ಮಾತಾಡಿದೆವು.

“ನೀನು ದಾರೀಲಿದ್ದಾಗ್ಲೇ ಹೋದ್ರಂತಲ್ಲ.”

“ಹೂಂ. ಹಾಂಗ್‌ಕಾಂಗ್‌ನಲ್ಲಿದ್ದೆ.”

ಆಚೀಚೆ ನೋಡಿ ದನಿ ತಗ್ಗಿಸಿದ. “ಪೇ-ಜುಂಗ್, ತಪ್ಪು ತಿಳ್ಕೋಬೇಡ. ಚುನಾವಣೆ ಮುಗಿಯೋವರೆಗೆ ಈ ವಿಷಯ ಹೊರಗೆ ಹೇಳ್ಬೇಡ. ಎದುರಿನೋರಿಗೆ ಗೊತ್ತಾದ್ರೆ ಪೋಸ್ಟರ್ ಮಾಡ್ಬಿಡ್ತಾರೆ.”

ಅವನು ಹೇಳಿದ್ದು ಸರಿ. ನಾನೇ ಆ ಸ್ಥಾನದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಸರಿಯೆಂದೇ ಹೇಳಿ ಕಳಿಸಿದೆ. ಅವನು ತಂದಿದ್ದ ಕಿತ್ತಳೆ ಹಣ್ಣನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ನಮ್ಮಲ್ಲಿ ತಿನ್ನುವವರಿಲ್ಲ.

ಮಾರ್ಚ್ 5, ಬುಧವಾರ

ಅಜ್ಜಿ ಗಂಜಿಯನ್ನೂ ಬಿಟ್ಟಳು. ವೈದ್ಯರು ಬಂದು ಗ್ಲೂಕೋಸ್ ಹಾಕಿದರು. “ಇನ್ನೆರಡು ದಿನ ಹೀಗೇ ಇದ್ರೆ ಆಸ್ಪತ್ರೆಗೆ ಸೇರಿಸಿ” ಅಂದರು.

ಜೆರಾಕ್ಸ್ ಯಂತ್ರದ ಮುಂದೆ ನಿಂತು ಯೋಚಿಸಿದೆ. ಆತ್ಮವೆಂಬುದಿಲ್ಲ. ಆದರೆ ಅಜ್ಜಿ ಇದ್ದಾಳೆ. ಅವಳ ಹಸಿವು ವಾಸ್ತವ. ಹಾಗಾಗಿ ಹಾಂಗ್‌ಕಾಂಗಿಗೆ ಹೋಗಿ ಬರುವುದು ಪೂರ್ತಿ ವೈಜ್ಞಾನಿಕವಾದ ಕ್ರಮ.

ದಿಂಗ್‌ಗೆ ಫೋನು ಮಾಡಿದೆ. ನಾಚಿಕೆಯಾಗಿ ಸುತ್ತಿ ಬಳಸಿ ಕೇಳಿದೆ: ಆ ನಿಲ್ದಾಣದಲ್ಲಿ ಅವರು ಸಾಮಾನ್ಯವಾಗಿ ಎಲ್ಲಿ ಕೂರುತ್ತಿದ್ದರು?

“ಯಾಕಮ್ಮ?”

“ಬಿಟ್ಟು ಬಂದ್ಬಿಟ್ಟೆ.”

ಏನನ್ನು ಎಂದು ಆತ ಕೇಳಲಿಲ್ಲ. ಅವರ ಕಡೆಯೂ ಇಂಥದ್ದು ಇರಬೇಕು. ಹೇಳಿದರು: “ಬೆನ್ನು ಒತ್ತೋ ಕುರ್ಚಿಗಳಿದಾವಲ್ಲ, ಅದರ ಎದುರಿಗೆ, ಗಾಜಿನ ಪಕ್ಕ. ದುಡ್ಡು ಕೊಟ್ಟು ಆ ಕುರ್ಚೀಲಿ ಕೂರೋ ಪೈಕಿ ಅಲ್ಲ ನಿಮ್ಮಪ್ಪ. ಬೇರೆಯೋರು ಕೂತು ನಡುಗೋದನ್ನ ನೋಡಿ ನಗೋಕೆ ಅಲ್ಲಿ ಕೂರ್ತಿದ್ದ. ಮತ್ತೆ, ಎಡಗಿವಿ ಕೇಳಲ್ಲ ಅವನಿಗೆ. ಬಲಗಡೆ ನಿಂತ್ಕೊಂಡು ಕರಿ.”

ಮಾರ್ಚ್ 8, ಶನಿವಾರ

ಗುರುತು ಸಿಗಲೆಂದು ಅಪ್ಪನ ಕೆಲಸದ ಜಾಕೀಟು ತೋಳಿನ ಮೇಲೆ ಹಾಕಿಕೊಂಡು ಹೋದೆ. ಅಜ್ಜಿ ಊದುಕಡ್ಡಿ ಕೊಟ್ಟಿದ್ದಳು, ಅಲ್ಲಿ ಹಚ್ಚುವಂತಿಲ್ಲ. ಮರದ ತುಂಡಿನ ಬದಲು ಎರಡು ನಾಣ್ಯ.

ಜಾಗ ಸುಲಭವಾಗಿ ಸಿಕ್ಕಿತು. ಗಾಜಿನ ಆಚೆ ವಿಮಾನಗಳು, ಈಚೆ ಸಾಲು ಬೆಂಚು. ಎದುರಿಗೆ ಕುರ್ಚಿಗಳಲ್ಲಿ ದಪ್ಪ ಮನುಷ್ಯರು ಕಣ್ಣು ಮುಚ್ಚಿ ನಡುಗುತ್ತಿದ್ದರು. ನಿಜಕ್ಕೂ ನಗು ಬರುವಂತಿತ್ತು. ಹೋದ ಶನಿವಾರ ನಾನು ವಾದ ಗೆದ್ದ ಬೆಂಚು ಅಲ್ಲಿಂದ ಹತ್ತು ಹೆಜ್ಜೆ.

ಬಲಗಡೆ ನಿಂತು, “ಅಪ್ಪ, ಬನ್ನಿ, ವಿಮಾನ ಬದಲಾಯಿಸಬೇಕು” ಅಂದೆ. ನಾಣ್ಯ ಬಿಟ್ಟೆ. ಅಲ್ಲ. ಮತ್ತೊಮ್ಮೆ ಹೇಳಿದೆ. ಅಲ್ಲ. ಮನೆಗೆ ಹೋಗೋಣ, ಅಜ್ಜಿ ಕಾಯುತ್ತಿದ್ದಾಳೆ ಅಂದೆ. ಅಲ್ಲ. ನನ್ನ ಮೇಲೆ ಕೋಪವೇ ಎಂದು ಕೇಳಿದೆ. ಅಲ್ಲ. ಹಾಗಾದರೆ ಇನ್ನೇನು? ಬಿದ್ದ ನಾಣ್ಯ ಉರುಳಿ ಬೆಂಚಿನಡಿ ಹೋಯಿತು. ಮೊಣಕಾಲೂರಿ ಹುಡುಕುವಾಗ ಫೋನು ಬಂತು. ಅಜ್ಜಿ.

“ಬಂದ್ನಾ?”

“ಇಲ್ಲ.”

“ಹೇಗೆ ಕರೀತಿದೀಯಾ?”

ಕರೆದು ತೋರಿಸಿದೆ.

“ಅದು ಕರಿಯೋದೇನೇ? ಸರ್ಕಾರಿ ಆಫೀಸಲ್ಲಿ ಹೆಸರು ಕೂಗಿದ ಹಾಗಿದೆ! ಅಷ್ಟು ದೊಡ್ಡ ಜಾಗದಲ್ಲಿ ಆ ಕಿವುಡಂಗೆ ಕೇಳುತ್ತಾ? ಬೀದೀಲಿ ಘೋಷಣೆ ಕೂಗ್ತೀಯಲ್ಲ, ಆ ಗಂಟಲು ಎಲ್ಲೋಯ್ತು?”

ಬೀದಿಯಲ್ಲಿ ಸಾವಿರ ಜನರ ಮುಂದೆ ಕೂಗಿದ್ದೇನೆ. ಪೊಲೀಸರ ಎದುರು ಕೂಗಿದ್ದೇನೆ. ಅಲ್ಲಿ ಕೂಗುವ ಮಾತು ಎಲ್ಲರದೂ. ಜೊತೆಯಲ್ಲಿ ಎಲ್ಲರೂ ಕೂಗುತ್ತಾರೆ. ಇಲ್ಲಿ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಗೇಟಿನಲ್ಲಿ ತೈಪೆಯ ವಿಮಾನಕ್ಕೆ ಸರತಿ ಶುರುವಾಗಿತ್ತು.

“ಅಪ್ಪಾ!”

ದಪ್ಪ ಮನುಷ್ಯರು ಕಣ್ಣು ಬಿಟ್ಟರು.

“ಅಪ್ಪಾ! ಏಳಪ್ಪಾ! ವಿಮಾನ ಹೊರಡುತ್ತೆ! ನನ್ನ ಜೊತೆ ಬಾ!”

ಒಬ್ಬ ಪೊಲೀಸ್ ನನ್ನ ಕಡೆ ನಡೆದು ಬಂದ. ಅವನಿಗೆ ನನ್ನ ಭಾಷೆ ಬಾರದು, ಅವನ ಭಾಷೆ ನನಗೆ ಅರೆಬರೆ. ಸರತಿಯಿಂದ ಒಬ್ಬ ಮುದುಕಿ ಚೀಲ ಎಳೆದುಕೊಂಡು ಬಂದು ಅವನ ತೋಳು ಹಿಡಿದು, ಜಾಕೀಟು ತೋರಿಸಿ, ಎರಡೂ ಕೈ ಮುಗಿದು ತೋರಿಸಿದಳು. ಅವನು ಟೊಪ್ಪಿ ತೆಗೆದ. ಮುದುಕಿ ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲೇ, “ಕರಿ ಮಗಳೇ, ಯಾಕೆ ನಿಲ್ಲಿಸ್ದೆ? ಈ ಜನಕ್ಕೆ ನಾಚ್ಕೊಂಡ್ರೆ ಅವರು ಬರ್ತಾರಾ?” ಅಂದಳು.

ಆಮೇಲೆ ನಾನು ಏನೇನು ಕೂಗಿದೆನೋ ಪೂರ್ತಿ ನೆನಪಿಲ್ಲ. ನಿನ್ನ ಕೋಣೆ ನೋಡಿದೆ ಅಂದೆ. ಕಾಲುಚೀಲ ತಂದಿದ್ದೇನೆ ಅಂದೆ. ದಿಂಗ್ ನಿನ್ನ ಮೋಸವನ್ನೆಲ್ಲ ಹೇಳಿದ ಅಂದೆ. ಊಟಕ್ಕೆ ತಡವಾಯಿತು, ಬಾ ಅಂದೆ. ಗಂಟಲು ಒಡೆದುಹೋಯಿತು. ಮುದುಕಿಯೇ ಬೆಂಚಿನಡಿಯಿಂದ ನಾಣ್ಯ ತೆಗೆದು ಕೈಗಿಟ್ಟಳು.

ಒಂದು ಮೇಲೆ, ಒಂದು ಕೆಳಗೆ.

“ಹೌದು” ಅಂದಳು ಮುದುಕಿ. ಸರತಿಯಲ್ಲಿದ್ದವರು ಎರಡು ಕಡೆ ಸರಿದರು. ಮಧ್ಯೆ ಇಬ್ಬರು ಹೋಗುವಷ್ಟು ದಾರಿಯಾಯಿತು.

ಅಲ್ಲಿಂದ ಮನೆಯವರೆಗೆ ಬಾಯಿ ಮುಚ್ಚಲಿಲ್ಲ. ಅಪ್ಪ, ಹೊಸ್ತಿಲು. ಅಪ್ಪ, ಇದು ನಮ್ಮ ಸಾಲು. ಅಪ್ಪ, ಈಗ ಕಡಲು. ಪಕ್ಕದ ಸೀಟಿನ ಮನುಷ್ಯ ಎದ್ದು ಹಿಂದೆ ಹೋಗಿ ಕೂತ, ಜಾಕೀಟಿಗೆ ಜಾಗ ಬಿಟ್ಟು.

ಮನೆಯಲ್ಲಿ ಅಜ್ಜಿ ತುಂಡುಗಳನ್ನು ಒಂದೇ ಸಲ ಬಿಟ್ಟಳು. ನೋಡಿದಳು. ನೀರಿನ ಬೋಗುಣಿಯನ್ನು ಪಟದ ಹತ್ತಿರ ತಳ್ಳಿ, “ಬಂದ್ಯಾ? ಮೊದ್ಲು ಮುಖ ತೊಳ್ಕೋ” ಅಂದಳು. ಅಷ್ಟು ಹೇಳಿ ತನ್ನ ಬಟ್ಟಲಿಗೂ ಗಂಜಿ ಬಡಿಸಿಕೊಂಡಳು.

ಇದರಿಂದ ಏನೂ ಸಾಬೀತಾಗುವುದಿಲ್ಲ. ಅಜ್ಜಿ ಉಂಡಳು, ಅಷ್ಟೇ.

ಮಾರ್ಚ್ 16, ಭಾನುವಾರ

ಚುನಾವಣೆಗೆ ಇನ್ನೊಂದು ವಾರವೂ ಇಲ್ಲ. ಬೆಳಗ್ಗೆಯಿಂದ ರೈಲು ನಿಲ್ದಾಣದ ಎದುರು ನಿಂತೆ. ನನ್ನ ನಿಲುವು ಬದಲಾಗಿಲ್ಲ. ಯೆನ್ ಕೇಳಿದಾಗಲೂ ಹಾಗೆಯೇ ಹೇಳಿದೆ.

ಮೊದಲ ಕರಪತ್ರ ಚಾಚಿದ್ದು ಒಬ್ಬ ನಡುವಯಸ್ಸಿನ ಹೆಂಗಸಿಗೆ. ದೊಡ್ಡ ಪೆಟ್ಟಿಗೆ, ಕೈಯಲ್ಲಿ ಟಿಕೆಟು, ಮುಖದಲ್ಲಿ ಗಾಬರಿ. “ಅಮ್ಮಾ, ವಿಮಾನ ನಿಲ್ದಾಣದ ಬಸ್ ಎಲ್ಲಿ ನಿಲ್ಲುತ್ತೆ?” ಗಂಡ ಶಾಂಘೈಯಲ್ಲಿದ್ದಾನಂತೆ, ನಾಡಿದ್ದು ಹೃದಯದ ಶಸ್ತ್ರಚಿಕಿತ್ಸೆ. ಆಕೆ ವಿಮಾನ ಹತ್ತುತ್ತಿರುವುದು ಇದೇ ಮೊದಲು. ಮಧ್ಯೆ ಇಳಿದು ಬದಲಾಯಿಸುವುದು ಹೇಗೆಂದು ತಿಳಿಯದೆ ಅಳು ಬರುತ್ತಿತ್ತು.

ಪೆಟ್ಟಿಗೆ ಹಿಡಿದು ಬಸ್ಸಿನವರೆಗೆ ಹೋದೆ. ಬಸ್ಸು ಬರುವವರೆಗೂ ಹೇಳಿದೆ: ಇಳಿದ ಮೇಲೆ ಜನರ ಹಿಂದೆ ಹೊರಗೆ ಹೋಗಬೇಡಿ, ವಿಮಾನ ಬದಲಿಸುವವರ ಬೋರ್ಡು ನೋಡಿ ಎಡಕ್ಕೆ ತಿರುಗಿ. ಪಾಸಿನ ಕೌಂಟರಿನಲ್ಲಿ ಎರಡು ಫೋಟೋ ಕೇಳುತ್ತಾರೆ. ಗಾಜಿನ ಪಕ್ಕ, ಬೆನ್ನು ಒತ್ತುವ ಕುರ್ಚಿಗಳ ಎದುರು ಕೂತರೆ ಗೇಟಿನ ಕರೆ ಚೆನ್ನಾಗಿ ಕೇಳುತ್ತದೆ. ನೀರಿನ ನಲ್ಲಿ ಅಲ್ಲೇ ಇದೆ. ಅಲ್ಲಿ ಯಾರಾದರೂ ಮಾತಿಗೆಳೆದರೆ ಹೆಚ್ಚು ಹೊತ್ತು ಮಾತಾಡಬೇಡಿ.

“ನೀವು ತುಂಬಾ ಸಲ ಹೋಗಿದೀರಾ?” ಎಂದು ಕೇಳಿದರು.

“ನಮ್ಮಪ್ಪ ಹೋಗ್ತಿದ್ದ” ಅಂದೆ.

ಕಿಟಕಿಯಿಂದ ಕೈ ಬೀಸಿದರು. ಬಸ್ಸು ತಿರುವು ದಾಟುವವರೆಗೂ ನಿಂತಿದ್ದೆ. ಆಮೇಲೆ ಪೆಟ್ಟಿಗೆ ಎಳೆಯುತ್ತ ಇನ್ನೊಬ್ಬರು ಬಂದರು, ಒಬ್ಬ ಮುದುಕ. ಅವರಿಗೂ ಹೇಳಿದೆ.

ವಾಪಸು ಬಂದಾಗ ಯೆನ್ ಕೆರಳಿ ನಿಂತಿದ್ದ. “ಎಲ್ಲೋಗಿದ್ದೆ? ಒಂದೂ ಹಂಚಿಲ್ಲ ನೀನು!” ನೋಡಿದರೆ ನಿಜ, ಕಟ್ಟು ಬಿಚ್ಚಿದಂತೆಯೇ ಕಂಕುಳಲ್ಲಿತ್ತು. ಮೊದಲ ಹಾಳೆಯ ಹಿಂಬದಿಯಲ್ಲಿ ಆ ಹೆಂಗಸಿಗೆ ದಾರಿ ಬರೆದುಕೊಟ್ಟಿದ್ದೆ, ಅದೊಂದು ಮಾತ್ರ ಹೋಗಿತ್ತು.

ತಪ್ಪು ನನ್ನದೇ. ನಾಳೆ ಬೇಗ ಹೋಗಿ ಎಲ್ಲವನ್ನೂ ಹಂಚಿ ಮುಗಿಸಬೇಕು. ಬಸ್ ನಿಲ್ದಾಣದ ಹತ್ತಿರವೇ ನಿಂತರೆ ಒಳ್ಳೆಯದು, ಅಲ್ಲಿ ಪೆಟ್ಟಿಗೆ ಹಿಡಿದವರು ಹೆಚ್ಚು ಬರುತ್ತಾರೆ.